ನೂರ ಹದಿನೇಳನೇ ಪುಟದ ಲಿಂಗೈಕ್ಯರು

ಬಸವೇಶ್ವರನಗರದ ನಮ್ಮ ಬಡಾವಣೆಗೆ ಇತಿಹಾಸವಿದೆ ಎಂದು ಮೊದಲು ಕಂಡುಹಿಡಿದವರು ರೇವಣಸಿದ್ದಪ್ಪನವರು. ಅದಕ್ಕೂ ಮೊದಲು ಇಲ್ಲಿ ಬರೀ ಸೈಟುಗಳಿದ್ದವು. ಮೂವತ್ತು ನಲವತ್ತು, ನಲವತ್ತು ಅರವತ್ತು, ಮೂಲೆ ಸೈಟು, ಪಾರ್ಕ್ ಎದುರಿನ ಸೈಟು. ಜನ ಮನೆ ಕಟ್ಟಿ, ಮೇಲಿನ ಪೋರ್ಷನ್ ಬಾಡಿಗೆಗೆ ಕೊಟ್ಟು, ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹೊಡೆದು ನೆಮ್ಮದಿಯಾಗಿದ್ದರು. ತಾವು ಇತಿಹಾಸದ ಒಳಗೇ ವಾಸವಾಗಿದ್ದೇವೆ ಎಂಬ ಅನುಮಾನ ಯಾರಿಗೂ ಬಂದಿರಲಿಲ್ಲ. ಬಂದ ಮೇಲೂ ಯಾರಿಗೂ ಅಂಥ ತೊಂದರೆಯೇನೂ ಆಗಲಿಲ್ಲ ಅನ್ನಿ.

ನಾನು ಜಲಜಾ. ಮುಖ್ಯರಸ್ತೆಯಲ್ಲಿ, ಕ್ಲಿನಿಕ್ಕಿಗೂ ಹಿಟ್ಟಿನ ಗಿರಣಿಗೂ ನಡುವೆ, ಹತ್ತಡಿ ಅಗಲದ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನನ್ನದು. ಬಾಡಿಗೆ ಕರಾರು, ಮದುವೆಗೆ ಬಯೋಡೇಟಾ, ವೈಕುಂಠ ಸಮಾರಾಧನೆ ಕಾರ್ಡು, ಈ ಮೂರರಲ್ಲೇ ಬಡಾವಣೆಯ ಎಲ್ಲರ ಬಾಳೂ ನನ್ನ ಕೀಬೋರ್ಡಿನ ಮೇಲೆ ಹಾದುಹೋಗುತ್ತದೆ. ರೇವಣಸಿದ್ದಪ್ಪನವರ ಎಂಟೂ ಪುಸ್ತಕಗಳ ಅಕ್ಷರ ಜೋಡಣೆ ಮಾಡಿದವಳು ನಾನೇ. ಆದ್ದರಿಂದ ಅವರ ಬಗ್ಗೆ ಮಾತಾಡುವ ಹಕ್ಕು ನನಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಇದೆ ಎಂದು ತುಂಬಾ ದಿನ ತಿಳಿದುಕೊಂಡಿದ್ದೆ.

ಅವರು ಹುಟ್ಟಿದ್ದು ಹರಿಹರದ ಹತ್ತಿರ. ಬೆಂಗಳೂರಿಗೆ ಬಂದದ್ದು ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿಗೆ. ಅಲ್ಲಿ ಮೂವತ್ತೊಂದು ವರ್ಷ ಕೂತು, ಕಡತ ಕೇಳಿಕೊಂಡು ಬಂದವರಿಗೆಲ್ಲ ಕಡತ ಸಿಗುತ್ತಿಲ್ಲ ಎಂದು ಹೇಳಿದರು. ನಿವೃತ್ತಿಯಾದ ಮರುದಿನದಿಂದ ಆ ಸಿಗದ ಕಡತಗಳನ್ನು ಊರ ತುಂಬ ಹುಡುಕಲು ಶುರುಮಾಡಿದರು. ಇದಕ್ಕೆ ಸಂಶೋಧನೆ ಎಂದು ಹೆಸರು.

"ಪೆನ್ಷನ್ ಬಂದ್ರೂ ಈ ಮನುಷ್ಯನ ಆಫೀಸು ಮುಗೀಲಿಲ್ಲ ಕಣೇ ಜಲಜಾ," ಎಂದು ಅವರ ಹೆಂಡತಿ ಬಸವರಾಜೇಶ್ವರಮ್ಮ ಒಮ್ಮೆ ನನ್ನ ಹತ್ತಿರ ಹೇಳಿದ್ದರು. "ಮೊದ್ಲು ರೆಕಾರ್ಡೆಲ್ಲ ಆಫೀಸಲ್ಲಿತ್ತು. ಈಗ ನನ್ನ ಮಂಚದ ಕೆಳಗಿದೆ."

ಮೊದಲ ಪುಸ್ತಕ ಬಡಾವಣೆಯಲ್ಲಿ ಮುಚ್ಚಿಹೋದ ಬಾವಿಗಳ ಬಗ್ಗೆ. ಎರಡನೆಯದು ಅಡ್ಡರಸ್ತೆಗಳ ಹೆಸರುಗಳ ಬಗ್ಗೆ. ಮೂರನೆಯದು ವಿಜಯನಗರದಿಂದ ಇಲ್ಲಿಗೆ ಬರುವ ದಾರಿಯ ಬಸ್ ಸ್ಟಾಪುಗಳ ಬಗ್ಗೆ. ಅದು ಹೊರಬರುವಷ್ಟರಲ್ಲಿ ಎರಡು ಸ್ಟಾಪು ಜಾಗ ಬದಲಾಯಿಸಿದ್ದವು. ನಾಲ್ಕನೆಯದು ಗಣೇಶೋತ್ಸವ ಸಮಿತಿ ಒಡೆದು ಎರಡಾದ ಬಗ್ಗೆ. ಅದರ ಬಿಡುಗಡೆಯೂ ಎರಡು ಕಡೆ ಆಯಿತು, ಎರಡು ಕಡೆಯೂ ಶಾಲು ಹೊದಿಸಿದರು. ಹೀಗೆ ಅವರ ಮನೆಯಲ್ಲಿ ಹತ್ತೊಂಬತ್ತು ಶಾಲು ಸೇರಿವೆ. ವಾಷಿಂಗ್ ಮಷೀನು, ಇನ್ವರ್ಟರು, ಹಳೆಯ ಟೀವಿ, ಎಲ್ಲವೂ ಅವರ ಮನೆಯಲ್ಲಿ ಸನ್ಮಾನಿತವಾಗಿಯೇ ನಿಂತಿವೆ.

ಅವರ ಬಾಯಲ್ಲಿ ಸದಾ ಇರುವ ಮಾತು, "ದಾಖಲೆ ಎಲ್ಲಿದೆ?" ಪಾರ್ಕಿನ ಗೇಟಿನ ಪಕ್ಕ ಹೂ ಮಾರುವ ನರಸಮ್ಮ ಇಲ್ಲಿಯ ಮೂಲದವಳು. ಈ ಜಾಗವೆಲ್ಲ ತನ್ನಪ್ಪನ ರಾಗಿ ಹೊಲವಾಗಿತ್ತು ಎಂದು ಒಂದು ಸಲ ಹೇಳಿದಳು. ಇವರು ಅಭ್ಯಾಸಬಲದಿಂದ ದಾಖಲೆ ಕೇಳಿದರು.

"ಅದರ ಮೇಲೇ ಮನೆ ಕಟ್ಕೊಂಡಿದೀರಲ್ಲಪ್ಪಾ, ಇನ್ನೇನ್ ದಾಖ್ಲೆ ಕೊಡ್ಲಿ?" ಅಂದಳು ನರಸಮ್ಮ. ಪುಸ್ತಕದಲ್ಲಿ ಆ ಹೊಲ ಬರಲಿಲ್ಲ.

ಪುಸ್ತಕ ಮಾಡುವುದಕ್ಕೆ ಅವರದೊಂದು ಪದ್ಧತಿ ಇತ್ತು. ಮೊದಲ ಹದಿನಾರು ಪುಟ ಶುಭ ಸಂದೇಶ ಮತ್ತು ಫೋಟೋಗಳು. ಕ್ಷೇಮಾಭಿವೃದ್ಧಿ ಸಂಘದ ಪದಾಧಿಕಾರಿಗಳು ಅಲ್ಲಿ ಕೋಟು ಹಾಕಿಕೊಂಡು ನಮ್ಮನ್ನು ನೋಡುತ್ತಿರುತ್ತಾರೆ. ಆಮೇಲೆ ಲೇಖಕರ ಮಾತು, ಆಮೇಲೆ ಇತಿಹಾಸ. ಬಿಡುಗಡೆಯ ದಿನ ಗಣೇಶನ ಗುಡಿಯ ಸಭಾಂಗಣದಲ್ಲಿ ಮುಖ್ಯ ಅತಿಥಿಗಳು ರಿಬ್ಬನ್ ಬಿಚ್ಚಿ, "ಈ ಕೃತಿಯನ್ನು ಪೂರ್ತಿ ಓದಲು ಸಮಯ ಸಿಗಲಿಲ್ಲ, ಆದರೂ" ಎಂದು ಶುರುಮಾಡಿ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಉಪ್ಪಿಟ್ಟು ಕೇಸರಿಬಾತು ಆಗುತ್ತದೆ. ಪ್ರತಿಗಳು ಬಣ್ಣದ ಕಾಗದದಲ್ಲಿ ಸುತ್ತಿಕೊಂಡು ಗೌರವ ಪ್ರತಿಗಳಾಗಿ ಮನೆ ಮನೆ ಸೇರುತ್ತವೆ. ಯಾರಿಗೆ ಯಾವ ತಾರೀಕು ಕೊಟ್ಟದ್ದು ಎಂದು ರೇವಣಸಿದ್ದಪ್ಪನವರು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ರೆಕಾರ್ಡ್ ರೂಮು ಮೈಯಿಂದ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಎಂಟನೇ ಪುಸ್ತಕದ ಕರಡು ತಿದ್ದಲು ಬಂದಿದ್ದಾಗ ಅವರು ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು. "ಅಲ್ಲಮ್ಮಾ ಜಲಜಾ, ಏಳು ಪುಸ್ತಕ ಆಯ್ತು. ಇಲ್ಲಿಯವರೆಗೆ ಒಂದೇ ಒಂದು ಕಾಗದ ಬಂದಿಲ್ಲ. ಚೆನ್ನಾಗಿದೆ ಅಂತ ಬೇಡ. ಇಲ್ಲಿ ತಪ್ಪಿದೆ ಕಣ್ರೀ ಅಂತಾದರೂ ಒಬ್ಬರು ಬರೀಬೇಕೋ ಬೇಡವೋ? ತಪ್ಪೇ ಇಲ್ಲ ಅಂತೀಯಾ?"

"ತಪ್ಪಿಲ್ದೇ ಇರೋದಕ್ಕೇ ಬರೆದಿಲ್ಲ ಸಾರ್," ಅಂದೆ. ಅವರಿಗೆ ಸಂತೋಷವಾಯಿತು. ಅವರಿಗೆ ಬೇಕಾಗಿದ್ದದ್ದು ಒಬ್ಬ ಓದುಗ. ಅದು ನನಗೂ ಗೊತ್ತಿತ್ತು. ಆದರೆ ಅಂಗಡಿಯಲ್ಲಿ ಜೆರಾಕ್ಸಿಗೆ ನಾಲ್ಕು ಜನ ಕಾಯುತ್ತಿದ್ದರು.

ಆ ಎಂಟನೆಯದೇ ದೊಡ್ಡದು, ಬಡಾವಣೆಯ ಪೂರ್ತಿ ಇತಿಹಾಸ. ಅದರ ಹತ್ತೊಂಬತ್ತನೇ ಪುಟದಲ್ಲಿ, ಲೇಖಕರ ಮಾತಿನಲ್ಲಿ, ಅವರೊಂದು ನಿಯಮ ಹಾಕಿಕೊಂಡಿದ್ದರು. ಸಂಘದ ಪದಾಧಿಕಾರಿಗಳನ್ನು ಬಿಟ್ಟು ಜೀವಂತ ಇರುವ ಯಾರ ಹೆಸರನ್ನೂ ಈ ಕೃತಿಯಲ್ಲಿ ಸೇರಿಸಿಲ್ಲ. ಕಾರಣ ಸರಳ. ಬದುಕಿರುವ ಒಬ್ಬರನ್ನು ಹಾಕಿದರೆ ಬಿಟ್ಟುಹೋದ ನೂರು ಜನ ಮನೆ ಬಾಗಿಲಿಗೆ ಜಗಳಕ್ಕೆ ಬರುತ್ತಾರೆ. ಸತ್ತವರಲ್ಲಿ ಆ ತಕರಾರಿಲ್ಲ. ಹಾಗಾಗಿ ನಮ್ಮ ಬಡಾವಣೆಯ ಇತಿಹಾಸದೊಳಗೆ ಹೋಗಬೇಕಾದರೆ ಒಂದೋ ಸಂಘದ ಚುನಾವಣೆ ಗೆಲ್ಲಬೇಕು, ಇಲ್ಲವೇ ತೀರಿಕೊಳ್ಳಬೇಕು.

ನೂರ ಹದಿನೇಳನೇ ಪುಟದಲ್ಲಿ ನೀರು ಬಂದ ಕಥೆ. ಅಲ್ಲಿ ಒಂದು ವಾಕ್ಯ: "ಬಡಾವಣೆಗೆ ಮೂವತ್ತು ವರ್ಷ ನೀರು ಬಿಟ್ಟ ಲಿಂಗೈಕ್ಯ ದೇವೇಂದ್ರಪ್ಪನವರ ಸೇವೆಯನ್ನು ಇಲ್ಲಿ ಸ್ಮರಿಸಲೇಬೇಕು." ಅದನ್ನು ನಾನೇ ಟೈಪ್ ಮಾಡಿದ್ದು. ಟೈಪ್ ಮಾಡುವಾಗ ಬೆರಳಿಗೆ ಕೆಲಸ, ಕಣ್ಣಿಗೆ ಕೆಲಸ, ತಲೆಗೆ ರಜೆ.

ಬಿಡುಗಡೆಯಾಗಿ ಮೂರು ವಾರ ಕಳೆದಿತ್ತು. ಒಂದು ಬೆಳಿಗ್ಗೆ ಬಿಳಿ ಅಂಗಿ, ಹಣೆಗೆ ವಿಭೂತಿ, ಎಪ್ಪತ್ತು ದಾಟಿದ ಯಜಮಾನರೊಬ್ಬರು ಅಂಗಡಿಗೆ ಬಂದು ಆ ಪುಸ್ತಕವನ್ನು ಗಾಜಿನ ಮೇಲಿಟ್ಟರು. ನೂರ ಹದಿನೇಳನೇ ಪುಟ ತೆರೆದು ತೋರಿಸಿದರು.

"ಈ ಪುಟ ಹತ್ತು ಜೆರಾಕ್ಸ್ ಮಾಡವ್ವ. ಊರಿಗೆ ಕಳಸ್ಬೇಕು, ಶಹಾಪುರಕ್ಕ."

ಹಾಳೆಯ ಮೇಲಂಚು ಬ್ಲೇಡಿನಿಂದ ಸೀಳಿದ ಹಾಗೆ ಸ್ವಲ್ಪ ಒರಟಾಗಿತ್ತು. ನಾನು ಅದರ ಕಡೆ ಹೆಚ್ಚು ಗಮನ ಕೊಡಲಿಲ್ಲ. ಹತ್ತು ಪ್ರತಿ ತೆಗೆಯುತ್ತ, "ನಿಮ್ಮ ಕಡೆಯವರ ಬಗ್ಗೆ ಇದೆಯಾ ಯಜಮಾನ್ರೇ?" ಎಂದು ಬಾಯಿಮಾತಿಗೆ ಕೇಳಿದೆ.

"ಇದರಾಗ ದೇವೇಂದ್ರಪ್ಪ ಅಂತ ಅದ ನೋಡು. ಅದು ನಾನ."

ಕಾಗದ ತೆಗೆದು ಓದಿದೆ. ಎರಡು ಸಲ ಓದಿದೆ. "ಅಯ್ಯೋ, ಲಿಂಗೈಕ್ಯ ಅಂತ ಹಾಕಿದಾರಲ್ಲಾ!"

"ಹೂಂ, ಹಾಕ್ಯಾರ. ಇರ್ಲಿ ಬಿಡವ್ವ." ಅವರು ಆ ಸಾಲಿನ ಮೇಲೆ ಬೆರಳಿಟ್ಟರು. "ಮೂವತ್ತು ವರ್ಷ ಈ ಲೇಔಟಿಗೆ ನೀರು ಬಿಟ್ಟೀನಿ. ಯಾರಿಗೂ ನನ್ನ ಹೆಸರು ಗೊತ್ತಿದ್ದಿಲ್ಲ. ಏ ನೀರು, ಇವತ್ಯಾಕ ಲೇಟು, ಅಂತ ಕೇಳ್ತಿದ್ರು. ಇಲ್ಲಿ ಪೂರಾ ಹೆಸರು ಹಾಕಿ ಸೇವೆ ಅಂತ ಬರ್ದಾರ. ನಾ ಬಂದಿದ್ದೆ ಅಂತ ಅವರಿಗೆ ಹೇಳಬ್ಯಾಡವ್ವ ಮತ್ತ."

ಹಾಳೆಗಳನ್ನು ಮಡಿಸದೆ, ಪ್ಲಾಸ್ಟಿಕ್ ಕವರಿನಲ್ಲಿ ನೆಟ್ಟಗೆ ಇಟ್ಟುಕೊಂಡು ಹೋದರು. ಹೇಳಬೇಡ ಅಂದವರು ಅತ್ತ ಬಸ್ ಸ್ಟಾಪು ಮುಟ್ಟುವ ಮೊದಲೇ ಇತ್ತ ನಾನು ಫೋನ್ ಮಾಡಿದ್ದೆ.

ರೇವಣಸಿದ್ದಪ್ಪನವರು ಹತ್ತು ನಿಮಿಷದಲ್ಲಿ ಬಂದರು. ಎರಡೂ ಚಪ್ಪಲಿ ಬೇರೆ ಬೇರೆ. ಬಂದವರೇ ಕೇಳಿದ್ದು, "ಬದುಕಿದಾನೆ ಅನ್ನೋದಕ್ಕೆ ದಾಖಲೆ ಏನಿದೆ?"

"ಹತ್ತು ಜೆರಾಕ್ಸ್ ತಗೊಂಡು ಹೋದ್ರು ಸಾರ್."

ಅವರು ಸ್ಟೂಲಿನ ಮೇಲೆ ಕೂತರು. ತಾವು ಕಣ್ಣಾರೆ ಕಂಡದ್ದನ್ನೇ ಬರೆದದ್ದು ಎಂದು ಹೇಳಿದರು. ಕಳೆದ ವರ್ಷ ದಸರಾ ಆದ ವಾರದಲ್ಲಿ ಪಂಪ್ ಹೌಸಿಗೆ ಹೋಗಿದ್ದರಂತೆ. ಬೀಗ ಹಾಕಿತ್ತು. ಕಿಟಕಿಯಲ್ಲಿ ನೋಡಿದರೆ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ, ಕೆಳಗೆ ಹೆಸರು ಬರೆದಿದ್ದ ದೇವೇಂದ್ರಪ್ಪನ ಫೋಟೋ. ಅದಕ್ಕೆ ಗಂಧದ ಹಾರ, ಗಾಜಿನ ಮೇಲೆ ವಿಭೂತಿ, ಕುಂಕುಮ. ಇದಕ್ಕಿಂತ ದೊಡ್ಡ ದಾಖಲೆ ಇನ್ನೇನು ಬೇಕು? ಅಲ್ಲೇ ನಿಂತು ನೋಟ್‌ಬುಕ್ಕಿನಲ್ಲಿ ಲಿಂಗೈಕ್ಯ ಎಂದು ಬರೆದುಕೊಂಡು, ಚಪ್ಪಲಿ ಬಿಟ್ಟು ಕೈಮುಗಿದು ಬಂದಿದ್ದರು.

ಇಬ್ಬರೂ ಪಂಪ್ ಹೌಸಿಗೆ ಹೋದೆವು. ಈಗ ನೀರು ಬಿಡುವ ರುದ್ರೇಶ ಬಾಗಿಲಲ್ಲೇ ಸಿಕ್ಕಿದ. ಇವರು ಫೋಟೋ ತೋರಿಸಿ ಕೇಳಿದರು.

"ಹಾರ ಅವ್ರದೇ ಸಾರ್. ರಿಟೈರ್ ಆದಾಗ ಹಾಕಿದ್ದು. ಮನೆಗೆ ತಗೊಂಡು ಹೋಗ್ಲಿಲ್ಲ, ಫೋಟೋಗೆ ಹಾಕ್ಬಿಟ್ವಿ. ವಿಭೂತಿ ಕುಂಕುಮ ಆಯುಧಪೂಜೆದು. ಮೋಟ್ರಿಗೂ ಇಟ್ಟಿದ್ವಲ್ಲಾ ಸಾರ್, ಅದೇನ್ ಸತ್ತೋಗಿದ್ಯಾ?"

ಮೋಟರು ಗುರ್ ಎಂದು ಓಡುತ್ತಿತ್ತು. ಅದರ ಹಣೆಯ ಮೇಲೆ ಮಾಸಿದ ಕುಂಕುಮ ಇನ್ನೂ ಇತ್ತು. ನನಗೆ ನಗು ತಡೆಯಲಾಗಲಿಲ್ಲ. ರೇವಣಸಿದ್ದಪ್ಪನವರು ನಗಲಿಲ್ಲ. ಮೂವತ್ತೊಂದು ವರ್ಷ ಒಂದೂ ತಪ್ಪು ನಮೂದು ಮಾಡದ ಕೈ ಅದು. ಇನ್ನೇನು ಅತ್ತೇಬಿಡುತ್ತಾರೆ ಎನ್ನಿಸಿತು.

"ಆ ಪುಸ್ತಕ ಅವರಿಗೆ ಹೇಗೆ ಸಿಕ್ತೋ?" ಎಂದು ಕೇಳಿದರು.

"ಇಲ್ಲಿಗೊಂದು ಕೊಟ್ಟಿದ್ರಲ್ಲಾ ಸಾರ್. ನಮಗ್ಯಾಕೆ ಪುಸ್ತಕ ಅಂತ, ಮೊನ್ನೆ ಅವ್ರು ಬಂದಾಗ ಕೊಟ್ಟು ಕಳಿಸ್ದೆ."

ಅಂಗಡಿಗೆ ವಾಪಸು ಬರುವ ದಾರಿಯಲ್ಲೇ ಅವರು ತೀರ್ಮಾನ ಮಾಡಿದ್ದರು. ರಿಜಿಸ್ಟರಿನ ಪ್ರಕಾರ ಇನ್ನೂರ ಹನ್ನೆರಡು ಪ್ರತಿ ಹಂಚಿದೆ. ಇನ್ನೂರ ಹನ್ನೆರಡು ಮನೆಗೂ ಹೋಗಿ, ಪ್ರತಿ ಪುಸ್ತಕದಲ್ಲೂ ಲಿಂಗೈಕ್ಯ ಎಂಬ ಪದವನ್ನು ತಾವೇ ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಸಹಿ ಹಾಕಿ ಬರುವುದು. ತಪ್ಪು-ಒಪ್ಪು ಪಟ್ಟಿ ಅಂತ ಒಂದು ಚೀಟಿ ಮಾಡಿಕೊಡ್ತೀನಿ, ಹಂಚಿಬಿಡಿ ಎಂದೆ. ಚೀಟಿ ಬಿದ್ದುಹೋಗುತ್ತದೆ ಎಂದರು. "ಓದಿದವರು ಆ ಮನುಷ್ಯ ಸತ್ತ ಅಂತಲೇ ತಿಳ್ಕೊಂಡಿರ್ತಾರೆ ಜಲಜಾ. ಯಾರಾದರೂ ಅವನನ್ನ ರಸ್ತೇಲಿ ನೋಡಿದರೆ ಏನು ಗತಿ?"

ಬಸವರಾಜೇಶ್ವರಮ್ಮ ಒಂದೇ ಮಾತು ಹೇಳಿದರು. "ಯಾರೂ ಓದಿರಲ್ಲ, ಸುಮ್ನೆ ಕೂತ್ಕೊಳ್ರಿ."

"ಓದಿರ್ತಾರೆ," ಅಂದರು ಇವರು. ಅವರ ಮುಖ ನೋಡಿದೆ. ತಪ್ಪಾದದ್ದಕ್ಕೆ ಸಂಕಟ ಇತ್ತು, ಹೌದು. ಆದರೆ ಒಳಗೊಳಗೇ ಸಣ್ಣದೊಂದು ಆಸೆಯೂ ಇತ್ತು. ಎಂಟು ಪುಸ್ತಕ ಬರೆದ ಮೇಲೆ ಮೊದಲ ಸಲ, ಓದುಗರ ಮನೆಗೆ ಹೋಗಿ ಪುಸ್ತಕದ ಬಗ್ಗೆ ಮಾತಾಡುವುದಕ್ಕೆ ಅವರಿಗೊಂದು ನೆಪ ಸಿಕ್ಕಿತ್ತು.

ಅವರಿಗೆ ಮಂಡಿನೋವು, ನನ್ನ ಹತ್ತಿರ ಸ್ಕೂಟರ್ ಇತ್ತು. ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿಗೆ ಹೇಗೂ ಯಾರೂ ಬರುವುದಿಲ್ಲ. ಹೊರಡುವ ಮೊದಲು ಅವರು ನನ್ನ ಪ್ರತಿಯನ್ನೂ ಕೇಳಿದರು. ಅದು ಜೆರಾಕ್ಸ್ ಮಷೀನಿನ ಹಿಂದೆ, ಹಳೆಯ ಟೋನರ್ ಡಬ್ಬಗಳ ಕೆಳಗೆ ಎಲ್ಲೋ ಇತ್ತು. "ನಂದು ನಾನೇ ತಿದ್ದಿಕೊಳ್ತೀನಿ ಸಾರ್, ನನಗೆ ಗೊತ್ತಲ್ಲ," ಅಂದೆ. ಅವರು ತಲೆಯಾಡಿಸಿ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಟಿಕ್ ಹಾಕಿದರು.

ಮೊದಲ ಮನೆ ಸಂಘದ ಕಾರ್ಯದರ್ಶಿ ಶ್ಯಾಮಸುಂದರ ಅವರದು. "ಅದ್ಭುತವಾದ ಪುಸ್ತಕ ಸಾರ್, ಮನೆಮಂದಿಯೆಲ್ಲ ಓದಿದೀವಿ," ಎನ್ನುತ್ತ ಶೋಕೇಸಿನಿಂದ ತೆಗೆದುಕೊಟ್ಟರು. ಪುಸ್ತಕ ತಾನಾಗಿಯೇ ಐದನೇ ಪುಟಕ್ಕೆ ತೆರೆದುಕೊಂಡಿತು. ಐದನೇ ಪುಟದಲ್ಲಿ ಶ್ಯಾಮಸುಂದರ ಅವರ ಫೋಟೋ. ಅಲ್ಲಿ ಬೈಂಡಿಂಗ್ ಸಡಿಲವಾಗಿ ಹೋಗಿತ್ತು, ಉಳಿದ ಕಡೆ ಹೊಸದರ ಹಾಗೇ ಬಿಗಿಯಾಗಿತ್ತು. ಇವರು ನೂರ ಹದಿನೇಳಕ್ಕೆ ಹೋಗಲು ನೋಡಿದರು. ಹೋಗಲಾಗಲಿಲ್ಲ. ಪುಟ ತೆರೆಯುತ್ತಲೇ ಇರಲಿಲ್ಲ.

ಏನಾಗಿತ್ತೆಂದರೆ, ಪ್ರೆಸ್ಸಿನಲ್ಲಿ ಹಾಳೆ ಮಡಿಸುವಾಗ ಒಂದು ಫಾರಂ, ಅಂದರೆ ಒಂದೇ ದೊಡ್ಡ ಹಾಳೆಯಿಂದಾದ ಪುಟಗಳ ಕಟ್ಟು, ಸ್ವಲ್ಪ ಒಳಕ್ಕೆ ಸರಿದುಬಿಟ್ಟಿತ್ತು. ಅಂಚು ಕತ್ತರಿಸುವ ಮಷೀನು ಅದಕ್ಕೆ ತಾಗಿರಲಿಲ್ಲ. ನೂರ ಹದಿಮೂರರಿಂದ ನೂರ ಇಪ್ಪತ್ತೆಂಟರವರೆಗೆ ಹದಿನಾರು ಪುಟಗಳು ಮೇಲಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಉಳಿದಿದ್ದವು. ಅಷ್ಟೂ ಪ್ರತಿಗಳಲ್ಲಿ ಹೀಗೇ. ಯಾರೇ ಆಗಲಿ ಅಲ್ಲಿಯವರೆಗೆ ಓದಿಕೊಂಡು ಬಂದಿದ್ದರೆ ಬ್ಲೇಡ್ ಹಾಕಿ ಸೀಳಿಕೊಳ್ಳದೆ ಮುಂದೆ ಹೋಗುವಂತಿರಲಿಲ್ಲ.

"ಮನೆಮಂದಿಯೆಲ್ಲ" ಎಂದು ರೇವಣಸಿದ್ದಪ್ಪನವರು ಮೆಲ್ಲಗೆ ಹೇಳಿಕೊಂಡರು. ಆಮೇಲೆ ಬ್ಲೇಡ್ ಕೇಳಿ ಪಡೆದು, ಸೀಳಿ, ಪದ ಹೊಡೆದು, ಸಹಿ ಹಾಕಿದರು. ಎರಡನೇ ಮನೆಯಿಂದ ಬ್ಲೇಡನ್ನು ಜೇಬಿನಲ್ಲೇ ಇಟ್ಟುಕೊಂಡರು.

ಆ ಎರಡು ವಾರ ನಾನು ನೋಡಿದ ಬಡಾವಣೆಯನ್ನು ಯಾವ ಇತಿಹಾಸಕಾರರೂ ನೋಡಿರಲಾರರು. ಹತ್ತನೇ ಕ್ರಾಸಿನ ಮನೆಯಲ್ಲಿ ಇತಿಹಾಸ ಫ್ರಿಜ್ಜಿನ ಒಂದು ಕಾಲಿನ ಕೆಳಗಿತ್ತು. ಅದನ್ನು ತೆಗೆಯಲು ಫ್ರಿಜ್ಜು ಎತ್ತಬೇಕಾಯಿತು, ನಾನೇ ಒಂದು ಕಡೆ ಹಿಡಿದೆ. ಡಾಕ್ಟರ್ ಅನಘಾ ಅವರ ಕ್ಲಿನಿಕ್ಕಿನಲ್ಲಿ ಅದು ಟೀಪಾಯಿಯ ಮೇಲಿತ್ತು. "ಪೇಷೆಂಟ್ಸ್ ತುಂಬಾ ಉಪಯೋಗಿಸ್ತಾರೆ ಅಂಕಲ್," ಅಂದರು ಡಾಕ್ಟರ್. ಸುಳ್ಳಲ್ಲ. ಕರೆಂಟ್ ಹೋಗಿತ್ತು, ಜ್ವರ ಬಂದ ಒಬ್ಬ ಹೆಂಗಸು ಅದರಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದಳು. ಅತ್ತಿಗುಪ್ಪೆಗೆ ಮನೆ ಬದಲಾಯಿಸಿದ್ದ ನಿವೃತ್ತ ಮೇಷ್ಟರೊಬ್ಬರು, ಪುಸ್ತಕವನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ, ನಿದ್ದೆಗೆ ಮೊದಲು ನಾಲ್ಕು ಪುಟ ಓದದೆ ಇರಲಾರೆ ಎಂದರು. ತಲೆದಿಂಬಿನ ಪಕ್ಕ ಇದ್ದದ್ದು ನಿಜವೇ. ಬಿಡುಗಡೆಯ ದಿನದ ಬಣ್ಣದ ಕಾಗದ, ರಿಬ್ಬನ್ನು ಸಮೇತ ಇತ್ತು.

ಒಂದೇ ಒಂದು ಸಲ ರೇವಣಸಿದ್ದಪ್ಪನವರ ಮುಖ ಅರಳಿತು. ಮೇಧಾ ಎಂಬ ಕಾಲೇಜು ಉಪನ್ಯಾಸಕಿಯ ಮನೆಯಲ್ಲಿ ಪುಸ್ತಕ ತೆರೆದರೆ ಆ ಪುಟಗಳು ಬಿಡಿಬಿಡಿಯಾಗಿದ್ದವು. "ನೋಡಿದ್ಯಾ ಜಲಜಾ!" ಎಂದು ನನ್ನ ಕೈ ಅದುಮಿದರು. ನಾನು ಹಾಳೆಯ ಅಂಚು ನೋಡಿದೆ. ಸಣ್ಣ ಸಣ್ಣ ಹಲ್ಲಿನ ಗುರುತು.

"ಸಾರಿ ಅಂಕಲ್, ಸ್ಟೋರ್ ರೂಮಲ್ಲಿ ಇಲಿ ಕಾಟ," ಎಂದರು ಮೇಧಾ.

ಇಲಿಯೊಂದು ನೂರ ಹತ್ತೊಂಬತ್ತರವರೆಗೆ ಓದಿತ್ತು. ಆ ದಿನ ಇನ್ನು ಬೇರೆ ಮನೆ ಬೇಡ ಎಂದರು. ನಾನು ಅಷ್ಟು ದಿನ ಒಳಗೊಳಗೇ ನಗುತ್ತಿದ್ದವಳು, ಅವತ್ತು ನನಗೂ ನಗು ಬರಲಿಲ್ಲ. ಮುದುಕರ ಮೇಲೆ ತುಂಬಾ ಕನಿಕರ ಬಂತು, ಬಡಾವಣೆಯ ಮೇಲೆ ಕೆಟ್ಟ ಕೋಪ ಬಂತು. ಒಬ್ಬ ಮನುಷ್ಯ ಹದಿನಾಲ್ಕು ವರ್ಷ ಇವರ ಮನೆ, ಇವರ ಬಾವಿ, ಇವರ ಬೀದಿ ಎಂದು ಬರೆದದ್ದನ್ನು, ಒಂದು ಪುಟ ತಿರುವಿ ನೋಡಲಾರದಷ್ಟು ಇವರಿಗೆಲ್ಲ ಏನು ಕೆಲಸ ಇತ್ತು?

ಆದರೂ ಬಿಡಲಿಲ್ಲ ಅವರು. ರಿಜಿಸ್ಟರಿನ ಇನ್ನೂರ ಹನ್ನೊಂದು ಹೆಸರಿನ ಮುಂದೆಯೂ ಟಿಕ್ ಬಿತ್ತು. ಸೀಳಿದ ಪ್ರತಿ ಒಂದೂ ಇರಲಿಲ್ಲ, ಇಲಿಯದನ್ನು ಬಿಟ್ಟರೆ. ಉಳಿದದ್ದು ಒಂದೇ ನಮೂದು, "ಪಂಪ್ ಹೌಸ್: ಒಂದು ಪ್ರತಿ". ಅದು ಈಗ ಲಗ್ಗೆರೆಯಲ್ಲಿ, ದೇವೇಂದ್ರಪ್ಪನವರ ಮನೆಯಲ್ಲಿತ್ತು. ಅದನ್ನು ಅವರು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದರು. ಹೋಗಲು ಹೆದರಿಕೆ.

ರುದ್ರೇಶನಿಂದ ವಿಳಾಸ ತೆಗೆದುಕೊಂಡು ಹೋದೆವು. ಲಗ್ಗೆರೆಯ ಸಂದಿಯೊಂದರಲ್ಲಿ ಎರಡನೇ ಮಹಡಿ. ಕಡಿದಾದ ಮೆಟ್ಟಿಲು ಹತ್ತಿ ಇವರು ಏದುಸಿರು ಬಿಡುತ್ತಿದ್ದಾಗ ದೇವೇಂದ್ರಪ್ಪನವರೇ ಬಾಗಿಲು ತೆಗೆದರು.

"ಬರ್ರಿ ಸರ, ಬರ್ರಿ. ಈ ತಂಗಿ ಹೇಳದಾಂಗ ಇರೂದಿಲ್ಲ ಅಂತ ನನಗ ಗೊತ್ತಿತ್ತು."

ಒಳಗೆ ಅವರ ಹೆಂಡತಿ ಬಸವ್ವ ಚಹಾಕ್ಕೆ ಇಟ್ಟರು. ರೇವಣಸಿದ್ದಪ್ಪನವರು ಕುರ್ಚಿಯ ತುದಿಯಲ್ಲಿ ಕೂತು ಎರಡೂ ಕೈ ಜೋಡಿಸಿದರು. "ದೊಡ್ಡ ತಪ್ಪಾಗಿದೆ ದೇವೇಂದ್ರಪ್ಪ. ಬದುಕಿರೋ ಮನುಷ್ಯನ್ನ ನಾನು..."

"ಅದೊಂದ ಅಲ್ರಿ ಸರ," ಎಂದರು ದೇವೇಂದ್ರಪ್ಪ. "ಇನ್ನೂ ಭಾಳ ಅದಾವ."

ದೇವರ ಗೂಡಿನಲ್ಲಿಟ್ಟಿದ್ದ ಪುಸ್ತಕ ತಂದರು. ಕಂದು ಕಾಗದದ ಹೊದಿಕೆ ಹಾಕಿತ್ತು. ತೆರೆದರೆ ಪುಟ ಪುಟಕ್ಕೂ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಗೀಟು.

"ಇಲ್ನೋಡ್ರಿ, ನಲವತ್ತಾರು. ಮೊದ್ಲು ನೀರು ಆರನೇ ಕ್ರಾಸಿಗೆ ಬಂತು ಅಂತ ಬರ್ದೀರಿ. ಅಲ್ರಿ, ಒಂಬತ್ತನೇದಕ್ಕ. ಆರನೇದರಾಗ ಅವಾಗ ಪೈಪ ಇದ್ದಿಲ್ಲ. ಐವತ್ತೆರಡು, ಓವರ್‌ಹೆಡ್ ಟ್ಯಾಂಕ್ ಎರಡು ವರ್ಷದಾಗ ಕಟ್ಟಿದ್ರು ಅಂದೀರಿ. ನಾಕು ವರ್ಷ ಆತ್ರಿ, ನಡುವ ಒಬ್ಬ ಗಾರೆ ಕೆಲಸದವ ಬಿದ್ದು ತೀರಿಕೊಂಡ. ಅವನ ಹೆಸರು ನೀವು ಹಾಕಿಲ್ಲ. ಎಂಬತ್ತೊಂದು, ಬಾವಿ ಮುಚ್ಚಿದ್ದು ಕಾರ್ಪೊರೇಶನ್ನಿನವರಲ್ರಿ. ರಾತ್ರೋರಾತ್ರಿ ಮುಚ್ಚಿ ಸೈಟು ಮಾಡ್ಕೊಂಡವರ ಫೋಟೋ ನಿಮ್ಮ ಪುಸ್ತಕದ ಮುಂದ ಅದ."

ಮೂವತ್ತೆಂಟು ತಪ್ಪುಗಳು. ನಾನು ರೇವಣಸಿದ್ದಪ್ಪನವರನ್ನೇ ನೋಡುತ್ತಿದ್ದೆ. ಈಗ ದಾಖಲೆ ಎಲ್ಲಿದೆ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ಜೇಬಿನಿಂದ ನೋಟ್‌ಬುಕ್ ತೆಗೆದು, "ನಿಧಾನ, ನಿಧಾನ, ಇನ್ನೊಂದು ಸಲ ಹೇಳಪ್ಪ," ಎನ್ನುತ್ತ ಬರೆದುಕೊಳ್ಳಲು ಶುರುಮಾಡಿದರು. ಎರಡು ಸಲ ಬಸವ್ವ ತಂದ ಚಹಾ ಆರಿಹೋಯಿತು. ಮೂವತ್ತೆಂಟನೆಯದು ಮುಗಿದಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಯಾವ ಸನ್ಮಾನದಲ್ಲೂ ನೋಡಿರಲಿಲ್ಲ.

ಆಮೇಲೆ ಬಂದ ಕೆಲಸ ನೆನಪಾಗಿ ಪೆನ್ನು ತೆಗೆದು ನೂರ ಹದಿನೇಳನೇ ಪುಟ ತೆರೆದರು. ಅಂಚು ಮೊದಲೇ ಸೀಳಿತ್ತು. ಲಿಂಗೈಕ್ಯ ಎಂಬುದರ ಮೇಲೆ ಪೆನ್ನು ಇಡುವಷ್ಟರಲ್ಲಿ ದೇವೇಂದ್ರಪ್ಪನವರು ಆ ಸಾಲಿನ ಮೇಲೆ ಅಂಗೈ ಇಟ್ಟರು.

"ಇದೊಂದು ಬ್ಯಾಡ್ರಿ ಸರ."

"ಅಲ್ಲಪ್ಪಾ, ಇದೇ ದೊಡ್ಡ ತಪ್ಪು!"

"ಜೀವಂತ ಇದ್ದವರ ಹೆಸರು ಹಾಕಿಲ್ಲ ಅಂತ ಹತ್ತೊಂಬತ್ತನೇ ಪುಟದಾಗ ನೀವ ಬರ್ದೀರಿ. ನಾ ಬದುಕೀನಿ ಅಂತಾದ್ರ, ಮುಂದಿನ ಸಲ ಅಚ್ಚು ಹಾಕೂವಾಗ ನನ್ನ ತಗೀತೀರಿ." ಅವರು ಅಂಗೈ ಎತ್ತಲಿಲ್ಲ. "ಇನ್ನ ಎಷ್ಟು ವರ್ಷ ಇರ್ತೀನ್ರಿ ನಾನು? ಆಮ್ಯಾಲ ಹೆಂಗೂ ಖರೇನ ಆಗ್ತದ. ಇರ್ಲಿ ಬಿಡ್ರಿ."

ಪುಸ್ತಕದಲ್ಲಿ ಉಳಿಯುವುದಕ್ಕಾಗಿ ಒಬ್ಬ ಮನುಷ್ಯ ಸತ್ತೇ ಇರಲು ಒಪ್ಪಿಕೊಂಡಿದ್ದ. ರೇವಣಸಿದ್ದಪ್ಪನವರು ಎಷ್ಟೋ ಹೊತ್ತು ಆ ಕೈಯನ್ನೇ ನೋಡಿದರು. ವಾಲ್ವು ತಿರುಗಿಸಿ ತಿರುಗಿಸಿ ಬೆರಳಿನ ಗೆಣ್ಣುಗಳೆಲ್ಲ ದಪ್ಪವಾಗಿದ್ದ ಕೈ. ಆಮೇಲೆ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಹಿಂದಕ್ಕೆ ತಿರುವಿದರು. ಹತ್ತೊಂಬತ್ತನೇ ಪುಟ ಸಿಕ್ಕಿತು. ತಮ್ಮ ನಿಯಮದ ಮೂರು ಸಾಲನ್ನು ಒಂದೊಂದಾಗಿ, ನೇರವಾಗಿ ಗೀಟು ಎಳೆದು ಹೊಡೆದುಹಾಕಿದರು. ಪಕ್ಕದಲ್ಲಿ ಸಹಿ, ತಾರೀಕು.

"ಈಗ ಕೈ ತೆಗೀರಿ ದೇವೇಂದ್ರಪ್ಪನವರೇ," ಎಂದರು. "ಬದುಕಿರೋರಾಗೇ ಇರ್ತೀರಿ ಇದರಲ್ಲಿ. ಆ ಗಾರೆ ಕೆಲಸದವನ ಹೆಸರು ಹೇಳಿ, ಅದೂ ಬೇಕು."

ದೇವೇಂದ್ರಪ್ಪನವರು ಕಣ್ಣು ಒರೆಸಿಕೊಂಡರು. ಬಸವ್ವ ಮೂರನೇ ಸಲ ಚಹಾ ತಂದರು, ಆ ಸಲ ಎಲ್ಲರೂ ಕುಡಿದೆವು.

ಮರುದಿನ ಸರಿಯಾಗಿ ಎರಡು ಗಂಟೆಗೆ ರೇವಣಸಿದ್ದಪ್ಪನವರು ಅಂಗಡಿಯ ಮುಂದೆ ನಿಂತಿದ್ದರು. ಕಂಕುಳಲ್ಲಿ ರಿಜಿಸ್ಟರು.

"ಗಾಡಿ ತೆಗಿಯಮ್ಮಾ. ಎಲ್ಲ ಪ್ರತೀಲೂ ಹತ್ತೊಂಬತ್ತನೇ ಪುಟ ತಿದ್ದಬೇಕು."

"ಸಾರ್, ಮತ್ತೆ ಅಷ್ಟೂ ಮನೆಗಾ? ಯಾರೂ ಓದಲ್ಲ ಅಂತ ಗೊತ್ತಾಯ್ತಲ್ಲ!"

"ಒಬ್ಬರು ಓದಿದಾರಲ್ಲಮ್ಮ," ಎಂದರು. ಅವರ ದನಿಯಲ್ಲಿ ಕಹಿ ಇರಲಿಲ್ಲ. "ಮೊದಲು ನಿನ್ನ ಪ್ರತಿ ಕೊಡು, ಇಲ್ಲಿಂದಲೇ ಶುರುಮಾಡೋಣ."

ಎರಡು ವಾರದಿಂದ ಊರವರನ್ನೆಲ್ಲ ಆಡಿಕೊಂಡವಳು ನಾನು. ಟೋನರ್ ಡಬ್ಬ ಸರಿಸಿ, ಧೂಳು ಒರೆಸಿ ಕೊಟ್ಟೆ. ಅವರು ಹತ್ತೊಂಬತ್ತನೇ ಪುಟದಲ್ಲಿ ಮೂರು ಸಾಲು ಹೊಡೆದು ಸಹಿ ಹಾಕಿದರು. ಆಮೇಲೆ ರೂಢಿಯಂತೆ ನೂರ ಹದಿನೇಳಕ್ಕೆ ಹೋದರು.

ಪುಟ ತೆರೆಯಲಿಲ್ಲ.

ನನಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಅವರು ತಲೆ ಎತ್ತಲಿಲ್ಲ. ಜೇಬಿನಿಂದ ಬ್ಲೇಡ್ ತೆಗೆದು, ಹಾಳೆ ಹರಿಯದ ಹಾಗೆ ನಿಧಾನವಾಗಿ ಮಡಿಕೆಗಳನ್ನೆಲ್ಲ ಸೀಳಿದರು.

"ಟೈಪ್ ಮಾಡೋರು ಓದಲೇಬೇಕು ಅಂತೇನಿಲ್ಲ ಬಿಡಮ್ಮ," ಅಂದರು.

ಬೈದಿದ್ದರೆ ಚೆನ್ನಾಗಿರುತ್ತಿತ್ತು.